ನೀರು ಹಾಕುವ ಮುಂಚೆ ಪಾಟ್ ಎತ್ತಿ ನೋಡಿ

ಮನೆಯೊಳಗಿನ ಗಿಡಗಳು ಮರೆಗುಳಿಗಳ ಮನೆಯಲ್ಲಿ ಹೇಗೋ ಬದುಕಿಕೊಳ್ಳುತ್ತವೆ. ಸಾಯುವುದು ಹೆಚ್ಚಾಗಿ ದಿನಕ್ಕೆರಡು ಸಲ ಬಂದು ಎಲೆ ಸವರಿ ಹೋಗುವವರ ಮನೆಯಲ್ಲಿ. ಅಕ್ಕರೆ ಹೆಚ್ಚಾದಷ್ಟೂ ಕೈ ಚೊಂಬಿನ ಕಡೆಗೇ ಹೋಗುತ್ತದೆ, ತೊಂದರೆ ಶುರುವಾಗುವುದು ಅಲ್ಲೇ.

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ. ನೀರು ಹಾಕಿದಾಗ ಆ ಸಂದುಗಳು ತುಂಬುತ್ತವೆ, ನೀರು ಇಳಿದ ಮೇಲೆ ಮತ್ತೆ ಗಾಳಿ ಒಳಗೆ ಬರುತ್ತದೆ. ಅದಕ್ಕೆ ಪುರುಸೊತ್ತು ಕೊಡದೆ ಮತ್ತೆ ಸುರಿದರೆ ಬೇರು ಉಸಿರುಕಟ್ಟಿ ಸಾಯುತ್ತದೆ, ಆಮೇಲೆ ಪಿಥಿಯಂನಂಥ ಕೊಳೆರೋಗ ಅಂಟಿಕೊಳ್ಳುತ್ತದೆ. ಬೇರು ಹೋದ ಗಿಡ ನೀರು ಎಳೆಯಲಾರದು. ಹಾಗಾಗಿ ಒದ್ದೆ ಮಣ್ಣಿನಲ್ಲಿ ನಿಂತೇ ಎಲೆ ಜೋತುಬೀಳುತ್ತದೆ. ನೋಡಿದವರಿಗೆ ಬಾಯಾರಿಕೆ ಅನ್ನಿಸಿ ಇನ್ನೊಂದು ಚೊಂಬು ಸುರಿಯುತ್ತಾರೆ.

ನೀರು ಬೇಕೋ ಬೇಡವೋ ತಿಳಿಯಲು ವಾರದ ಲೆಕ್ಕ ಇಟ್ಟುಕೊಳ್ಳಬೇಡಿ. ಚೆನ್ನಾಗಿ ನೀರುಂಡ ದಿನ ಪಾಟ್ ಎತ್ತಿ ಅದರ ತೂಕ ಕೈಗೆ ರೂಢಿ ಮಾಡಿಕೊಳ್ಳಿ, ಒಣಗಿದಾಗ ಇನ್ನೊಮ್ಮೆ ಎತ್ತಿ. ವ್ಯತ್ಯಾಸ ಎರಡು ಮೂರು ಸಲಕ್ಕೇ ಗೊತ್ತಾಗುತ್ತದೆ. ಎತ್ತಲಾಗದ ದೊಡ್ಡ ಕುಂಡಕ್ಕೆ ಉರಿದು ಮುಗಿದ ಊದುಬತ್ತಿಯ ಕಡ್ಡಿ ಸಾಕು. ಬುಡದಿಂದ ಸ್ವಲ್ಪ ದೂರದಲ್ಲಿ ನಾಲ್ಕೈದು ಇಂಚು ಆಳಕ್ಕೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಕಪ್ಪಗೆ ಒದ್ದೆಯಾಗಿದ್ದು ಮಣ್ಣು ಅಂಟಿದ್ದರೆ ಚೊಂಬು ಕೆಳಗಿಡಿ. ಮೇಲ್ಮಣ್ಣು ಮುಟ್ಟಿ ನೋಡುವುದು ಮೋಸ, ಮೇಲೆ ಬೂದಿಯಂತೆ ಒಣಗಿದ್ದರೂ ಮೂರು ಇಂಚು ಕೆಳಗೆ ಕೆಸರು ಇರಬಹುದು.

ಹಾಕುವ ದಿನ ಮಾತ್ರ ಹೊಟ್ಟೆ ತುಂಬ ಹಾಕಿ. ಆರು ಇಂಚಿನ ಪಾಟಿಗೆ ಸುಮಾರು 300ರಿಂದ 400 ಮಿಲಿಲೀಟರ್, ನಿಧಾನವಾಗಿ ಸುತ್ತಲೂ, ತಳದ ತೂತಿನಿಂದ ನೀರು ಇಳಿಯುವವರೆಗೆ. ಅರ್ಧ ಗಂಟೆ ಬಿಟ್ಟು ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ದಿನಾ ಅರ್ಧ ಲೋಟ ಚಿಮುಕಿಸುವುದು ಎರಡೂ ಕಡೆಯಿಂದ ಕೆಟ್ಟದ್ದು: ಮೇಲೆ ಸದಾ ಒದ್ದೆ, ತಳದ ಬೇರಿಗೆ ಒಣಕಲು. ಮನಿ ಪ್ಲಾಂಟಿಗೆ ಎರಡು ಇಂಚು ಒಣಗಿದ ಮೇಲೆ ನೀರು. ಸ್ನೇಕ್ ಪ್ಲಾಂಟ್, ಝೀಝೀ ಎರಡಕ್ಕೂ ಪಾಟ್ ಪೂರ್ತಿ ಒಣಗಬೇಕು, ಅಂದರೆ ಎರಡು ಮೂರು ವಾರ, ಮಳೆಗಾಲದಲ್ಲಿ ತಿಂಗಳಾದರೂ ಆದೀತು. ಪೀಸ್ ಲಿಲಿ ತಾನೇ ಎಲೆ ಇಳಿಬಿಟ್ಟು ಹೇಳುತ್ತದೆ, ಮಣ್ಣು ಒಣಗಿದ್ದರೆ ನೀರುಣಿಸಿದ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಅರೆಕಾ ಪಾಮ್ ಮಾತ್ರ ಪೂರ್ತಿ ಒಣಗುವುದನ್ನು ಸಹಿಸದು.

ಊರು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಏಪ್ರಿಲ್‌ನ ಕಲಬುರಗಿಯಲ್ಲಿ ಮೂರು ದಿನಕ್ಕೆ ಒಣಗುವ ಅದೇ ಕುಂಡ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯ ಮಂಗಳೂರಲ್ಲಿ ಹದಿನೈದು ದಿನ ತಂಪಾಗಿ ಕೂತಿರುತ್ತದೆ.

ಬೆಳಕಿನ ವಿಷಯ ನೀರಿಗಿಂತ ಮೊದಲೇ ಬರಬೇಕಿತ್ತು. ಗಿಡ ನೀರು ಕುಡಿಯುವುದು ಬೆಳಕಿಗೆ ತಕ್ಕಂತೆ. ಟಿವಿ ಪಕ್ಕದ ಮೂಲೆಯಲ್ಲಿಟ್ಟ ಗಿಡಕ್ಕೆ ಕಿಟಕಿ ಬಳಿಯ ಗಿಡದಷ್ಟೇ ನೀರು ಕೊಟ್ಟರೆ ಅದು ಉಳಿಯುವುದು ಕಷ್ಟ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗಿಡ ಇಡುವ ಜಾಗದಲ್ಲಿ ಬಿಳಿ ಹಾಳೆ ಇಟ್ಟು, ಒಂದಡಿ ಮೇಲೆ ಅಂಗೈ ಹಿಡಿಯಿರಿ. ಬೆರಳುಗಳು ಎಣಿಸುವಷ್ಟು ಸ್ಪಷ್ಟವಾಗಿ ನೆರಳಲ್ಲಿ ಕಂಡರೆ ಒಳ್ಳೆಯ ಬೆಳಕು. ಮಸುಕು ಮಸುಕಾಗಿ ಕೈಯ ಆಕಾರ ಕಂಡರೆ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ನಡೆದೀತು. ನೆರಳೇ ಬೀಳದಿದ್ದರೆ ಅಲ್ಲಿ ಪ್ಲಾಸ್ಟಿಕ್ ಹೂವೇ ಸರಿ. ನರ್ಸರಿಯವರು 'ಲೋ ಲೈಟ್' ಎಂದು ಕೊಡುವ ಗಿಡ ಕತ್ತಲಲ್ಲಿ ನಿಧಾನವಾಗಿ ಸಾಯುತ್ತದೆ, ಅಷ್ಟೇ ವ್ಯತ್ಯಾಸ. ಬಳ್ಳಿಯಲ್ಲಿ ಗೆಣ್ಣು ಗೆಣ್ಣಿನ ಅಂತರ ಉದ್ದವಾಗುತ್ತಾ, ಹೊಸ ಎಲೆ ಚಿಕ್ಕದಾಗುತ್ತಾ, ಎಲೆಯ ಹಳದಿ ಪಟ್ಟೆ ಮಾಯವಾಗುತ್ತಾ ಬಂದರೆ ಕಿಟಕಿಗೆ ಹತ್ತಿರ ತನ್ನಿ. ಪೂರ್ವದ ಕಿಟಕಿಯಿಂದ ಮೂರಡಿಯೊಳಗಿನ ಜಾಗ ಹೆಚ್ಚಿನ ಎಲೆಗಿಡಗಳಿಗೆ ಹೇಳಿ ಮಾಡಿಸಿದ್ದು. ಪಶ್ಚಿಮದ ಕಿಟಕಿಯಾದರೆ ಮಾರ್ಚ್‌ನಿಂದ ಮೇವರೆಗೆ ತೆಳು ಪರದೆ ಬೇಕು, ಬಿಸಿಲಿಗೆ ಸುಟ್ಟ ಕಲೆ ಎಲೆಯಿಂದ ಹೋಗುವುದಿಲ್ಲ.

ತುಳಸಿಯನ್ನು ಫ್ಲ್ಯಾಟ್ ಒಳಗೆ ಬೆಳೆಸುವ ಆಸೆ ಬಿಡುವುದೇ ವಾಸಿ. ಅದಕ್ಕೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೇಕು. ಬಾಲ್ಕನಿಯಲ್ಲಿಟ್ಟರೂ ಪೂಜೆಯ ನೀರು ಒಂದು ಉದ್ಧರಣೆಯಷ್ಟಿರಲಿ, ಕುಡಿಯುವ ನೀರು ಮಣ್ಣು ನೋಡಿ ಬೇರೆಯಾಗಿ. ತೆನೆ ಬಂದ ಹಾಗೆ ಚಿವುಟುತ್ತಿದ್ದರೆ ಗಿಡ ಬೇಗ ಮುದಿಯಾಗುವುದಿಲ್ಲ.

ಈಗ ಮಣ್ಣು. ನರ್ಸರಿಯಿಂದ ತಂದ ಗಿಡದ ಕಪ್ಪು ಕವರ್ ಹರಿದರೆ ಹಲವು ಸಲ ಒಳಗೆ ಇಟ್ಟಿಗೆಯಂಥ ಜಿಗುಟು ಮಣ್ಣಿನ ಉಂಡೆ ಸಿಗುತ್ತದೆ. ದೂರದ ಊರಿಗೆ ಲಾರಿಯಲ್ಲಿ ಹೋಗುವಾಗ ಬೇರು ಅಲುಗದಂತೆ, ಬೇಗ ಒಣಗದಂತೆ ಕಾಯುವುದಕ್ಕೆ ಅದು ಒಳ್ಳೆಯದು. ಮನೆಯ ಕುಂಡಕ್ಕೆ ಅದೇ ಶತ್ರು. ಉಂಡೆಯನ್ನು ಹಾಗೇ ಇಟ್ಟು ಸುತ್ತ ಹಗುರ ಮಿಶ್ರಣ ತುಂಬಿದರೆ ಸುತ್ತಲಿನದು ಬೇಗ ಒಣಗುತ್ತದೆ, ಉಂಡೆ ಒಳಗೊಳಗೇ ಕೊಳೆಯುತ್ತದೆ. ತಂದ ದಿನವೇ ಕೈ ಹಾಕಬೇಡಿ, ಒಂದೆರಡು ವಾರ ಹೊಸ ಜಾಗಕ್ಕೆ ಒಗ್ಗಲಿ. ಆಮೇಲೆ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಅರ್ಧದಷ್ಟು ಮಣ್ಣನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿ. ಬುಡದ ಸುತ್ತ ಬಲೆಯಂಥ ಪುಟ್ಟ ಚೀಲ ಸಿಕ್ಕರೆ ಕತ್ತರಿಸಿ ತೆಗೆಯಿರಿ.

ಮಿಶ್ರಣದ ಅಳತೆ ಇದು: ಕೋಕೊಪೀಟ್ (ತೆಂಗಿನ ನಾರಿನ ಪುಡಿ) ನಾಲ್ಕು ಪಾಲು, ಎರೆಹುಳು ಗೊಬ್ಬರ ಎರಡು, ಕೆಂಪು ಮಣ್ಣು ಒಂದು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಚೂರು) ಅಥವಾ ಕಡಲೆಕಾಳು ಗಾತ್ರದ ಇಟ್ಟಿಗೆ ಚೂರು ಮೂರು. ಹತ್ತು ಲೀಟರಿಗೆ ಒಂದು ಹಿಡಿ ಬೇವಿನ ಹಿಂಡಿ. ಸ್ನೇಕ್ ಪ್ಲಾಂಟ್, ಝೀಝೀ, ಜೇಡ್‌ಗೆ ಇಟ್ಟಿಗೆ ಚೂರೋ ಪರ್ಲೈಟೋ ಇಡೀ ಮಿಶ್ರಣದ ಅರ್ಧದಷ್ಟಿರಲಿ. ಎಂ ಸ್ಯಾಂಡ್ ಹಾಕುವವರು ಜರಡಿ ಹಿಡಿದು ದಪ್ಪ ಕಾಳನ್ನಷ್ಟೇ ಬಳಸಿ, ಅದರ ಹಿಟ್ಟು ಸಂದುಗಳನ್ನೆಲ್ಲ ಸಿಮೆಂಟಿನಂತೆ ಮುಚ್ಚುತ್ತದೆ. ಕೋಕೊಪೀಟ್ ಇಟ್ಟಿಗೆಯಲ್ಲಿ ಉಪ್ಪಿನಂಶ ಇರುವುದುಂಟು, ನೆನೆಸಿ ಉಬ್ಬಿದ ಮೇಲೆ ಹಳೇ ಪಂಚೆಯಲ್ಲಿ ಕಟ್ಟಿ ಎರಡು ಸಲ ತೊಳೆದು ಹಿಂಡಿ.

ಹೊಸ ಪಾಟ್ ಹಳೆಯದಕ್ಕಿಂತ ಎರಡು ಇಂಚು ದೊಡ್ಡದಿದ್ದರೆ ಸಾಕು. 'ಬೆಳೆದುಕೊಳ್ಳಲಿ' ಎಂದು ಪುಟ್ಟ ಗಿಡವನ್ನು ಬಕೆಟ್ ಗಾತ್ರದ ಕುಂಡದಲ್ಲಿ ನೆಟ್ಟರೆ ಬೇರು ತಲುಪದ ಮಣ್ಣು ವಾರಗಟ್ಟಲೆ ಒದ್ದೆಯಿರುತ್ತದೆ. ತಳದಲ್ಲಿ ಜಲ್ಲಿ ಹಾಸಿದರೆ ನೀರು ಇಳಿಯುತ್ತದೆ ಅನ್ನುವುದು ತಪ್ಪು. ಮೇಲಿನ ಸಣ್ಣ ಕಣದ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಹಾಗಾಗಿ ತಳದಲ್ಲಿರಬೇಕಾದ ಕೆಸರು ಬೇರಿನ ಹತ್ತಿರಕ್ಕೇ ಮೇಲೇರುತ್ತದೆ. ಮಣ್ಣು ಸೋರದಂತೆ ತೂತಿನ ಮೇಲೆ ಹಳೆಯ ಸೊಳ್ಳೆಪರದೆಯ ತುಂಡೊಂದು ಸಾಕು. ತೂತಿಲ್ಲದ ಚಂದದ ಪಿಂಗಾಣಿ ಪಾಟ್ ಇದ್ದರೆ ಪ್ಲಾಸ್ಟಿಕ್ ಪಾಟನ್ನು ಅದರೊಳಗೆ ಇಳಿಸಿಡಿ, ನೀರು ಹಾಕುವಾಗ ಹೊರಗೆ ತೆಗೆಯಿರಿ.

ಬೋರ್‌ವೆಲ್ ನೀರಿನ ಊರುಗಳಲ್ಲಿ ಪಾಟಿನ ಅಂಚಿಗೆ ಬಿಳಿ ಪುಡಿ ಕಟ್ಟುತ್ತದೆ, ಸ್ಪೈಡರ್ ಪ್ಲಾಂಟಿನ ಎಲೆ ತುದಿ ಕಂದಾಗುತ್ತದೆ. ಅದು ಲವಣ. ಆರ್‌ಒ ಯಂತ್ರದಿಂದ ಹೊರಹೋಗುವ ನೀರನ್ನು ವ್ಯರ್ಥವಾಗದಿರಲಿ ಎಂದು ಗಿಡಕ್ಕೆ ಹಾಕುವವರಿದ್ದಾರೆ. ಅದರಲ್ಲಿ ಲವಣ ಇನ್ನೂ ಗಟ್ಟಿಯಾಗಿರುತ್ತದೆ, ನೆಲ ಒರೆಸಲು ಬಳಸಿ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರಿನಲ್ಲಿ ಸೋಡಿಯಂ ಇರುತ್ತದೆ, ಅದೂ ಬೇಡ. ಮಳೆ ಬಂದಾಗ ಬಕೆಟ್ ಹೊರಗಿಡಿ. ತಿಂಗಳಿಗೊಮ್ಮೆ ಪಾಟಿನ ಗಾತ್ರದ ಎರಡರಷ್ಟು ಮಳೆನೀರು ಹರಿಸಿದರೆ ಕೂತ ಲವಣ ತೊಳೆದುಹೋಗುತ್ತದೆ.

ಕೊಳೆಯತೊಡಗಿದ ಗಿಡವನ್ನು ಉಳಿಸುವ ಬಗೆ ನೋಡೋಣ. ಮನಿ ಪ್ಲಾಂಟ್ ಅಂದುಕೊಳ್ಳಿ. ಪಾಟನ್ನು ಅಡ್ಡ ಮಲಗಿಸಿ ತಟ್ಟಿ, ಗಿಡ ಹೊರಗೆಳೆಯಿರಿ. ಚರಂಡಿ ವಾಸನೆ ಬಂದರೆ ಅನುಮಾನವೇ ಬೇಡ. ಬೇರು ತೊಳೆದು ಒಂದೊಂದನ್ನೇ ಬೆರಳ ಸಂದಿಯಲ್ಲಿ ಎಳೆಯಿರಿ. ಬಿಳಿ ಬೇರು ಗಟ್ಟಿಯಾಗಿ ತಡೆಯುತ್ತದೆ. ಕೊಳೆತದ್ದರ ಕಂದು ಸಿಪ್ಪೆ ಕಾಲುಚೀಲದಂತೆ ಕಳಚಿ ಕೈಗೆ ಬಂದು ಒಳಗೆ ನೂಲಿನಂಥ ಎಳೆ ಉಳಿಯುತ್ತದೆ. ಅವನ್ನೆಲ್ಲ ಕತ್ತರಿಸಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸುತ್ತಿರಿ. ಬೇರು ಅರ್ಧ ಹೋಗಿದ್ದರೆ ಎಲೆಯನ್ನೂ ಅಷ್ಟೇ ಕಡಿಮೆ ಮಾಡಿ, ಚಿಕ್ಕ ಪಾಟಿನಲ್ಲಿ ಹೊಸ ಮಿಶ್ರಣಕ್ಕೆ ನೆಡಿ. ಹಳೆ ಮಣ್ಣು ಬಿಸಾಡಿ. ಬೇರೇ ಉಳಿದಿಲ್ಲವಾದರೆ ಗೆಣ್ಣಿನ ಕೆಳಗೆ ಅರ್ಧ ಇಂಚು ಬಿಟ್ಟು ಕತ್ತರಿಸಿ ನೀರಿನ ಬಾಟಲಿಯಲ್ಲಿಡಿ. ಗೆಣ್ಣು ಮುಳುಗಿರಬೇಕು, ಎಲೆ ಮುಳುಗಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿ. ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ.

ಗೊಬ್ಬರ ಔಷಧಿಯಲ್ಲ, ಬಾಡಿದ ಗಿಡಕ್ಕೆ ಅದು ಇನ್ನಷ್ಟು ಹೊರೆ. ಹೊಸ ಎಲೆ ಬರುತ್ತಿರುವಾಗ ಮಾತ್ರ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಲೀಟರಿಗೆ ಒಂದು ಗ್ರಾಂ, ತಿಂಗಳಿಗೊಮ್ಮೆ, ಒದ್ದೆ ಮಣ್ಣಿಗೆ. ಸಕ್ಕರೆ ಹಾಲು ಸೇರಿದ ಚಹಾ ಚರಟ ಇರುವೆಗಳ ಊಟ. ಎಲೆಯ ಸಂದಿಯಲ್ಲಿ ಹತ್ತಿಯಂಥ ಹಿಟ್ಟು ತಿಗಣೆ ಕಂಡರೆ ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿ, ಆಮೇಲೆ ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ, ಒಂದೆರಡು ಮಿಲಿ ಪಾತ್ರೆ ತೊಳೆಯುವ ದ್ರವ ಕಲಸಿ ಸಂಜೆ ಹೊತ್ತು ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ ಆಗಲೇಬೇಕು, ಮೊಟ್ಟೆಗಳು ಮೊದಲ ಸಲಕ್ಕೆ ಸಾಯುವುದಿಲ್ಲ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ ಹಾರಾಡಿದರೆ ಅದೂ ಅತಿ ನೀರಿನ ಚಾಡಿಯೇ.

ಹತ್ತು ದಿನ ಊರಿಗೆ ಹೊರಟರೆ ಹಿಂದಿನ ರಾತ್ರಿ ಪೂರ್ತಿ ನೀರುಣಿಸಿ, ತಟ್ಟೆ ಖಾಲಿ ಮಾಡಿ, ಗಿಡಗಳನ್ನೆಲ್ಲ ಕಿಟಕಿಯಿಂದ ಎರಡಡಿ ಹಿಂದೆ ಒಟ್ಟಿಗೆ ಸರಿಸಿ ಹೋಗಿ. ಪಕ್ಕದ ಮನೆಯವರಿಗೆ ಕೀ ಕೊಡಬೇಡಿ. ಅವರು ದಿನಾ ಹಾಕುತ್ತಾರೆ.