ದೇಶದ ಅಂಕ ಹಿಡಿದು ಮನುಷ್ಯನನ್ನು ಅಳೆದಾಗ

ಹಲವು ದೇಶದವರು ಸೇರಿ ಕೆಲಸ ಮಾಡುವ ತಂಡಗಳಿಗೆ ನಾನು ತರಬೇತಿ ಕೊಡುತ್ತೇನೆ. ಮೊದಮೊದಲು ಯಾರಾದರೂ ಮೀಟಿಂಗಿನಲ್ಲಿ ಮಾತಾಡದೆ ಕೂತರೆ, ಅವರ ದೇಶದ 'ಅಧಿಕಾರ ಅಂತರ'ದ ಅಂಕ ನೋಡುತ್ತಿದ್ದೆ. ಮೇಲಿನವರ ಕೈಯಲ್ಲಿ ಹೆಚ್ಚು ಅಧಿಕಾರ ಇರುವುದನ್ನು ಒಂದು ದೇಶದ ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬುದರ ಅಳತೆ ಅದು. ಅಂಕ ಜಾಸ್ತಿ ಇದ್ದರೆ, "ಮೇಲಿನವರ ಮುಂದೆ ಬಾಯಿ ಬಿಡಲು ಹಿಂಜರಿಯುತ್ತಾರೆ" ಎಂದು ವರದಿಯಲ್ಲಿ ಬರೆದುಬಿಡುತ್ತಿದ್ದೆ.

ಒಬ್ಬರು ಅದನ್ನು ಓದಿ ಬಂದರು. "ನಾನು ಮನೆಯಲ್ಲೂ ಹೀಗೇ. ನನ್ನ ತಮ್ಮನೋ, ಮಾತು ನಿಲ್ಲಿಸುವುದೇ ಇಲ್ಲ" ಎಂದರು. ಒಂದೇ ಮನೆ, ಒಂದೇ ದೇಶ. ನನ್ನ ಲೆಕ್ಕದಲ್ಲಿ ಇಬ್ಬರಿಗೂ ಒಂದೇ ಅಂಕ! ಅವರಿಗೆ ಅನ್ಯಾಯ ಮಾಡಿದೆ ಅನ್ನಿಸಿತು.

ಮತ್ತೆ ಓದಲು ಕೂತೆ. ಡಚ್ ಸಾಮಾಜಿಕ ಮನೋವಿಜ್ಞಾನಿ ಗೀರ್ಟ್ ಹಾಫ್‌ಸ್ಟೆಡ್ ಅಧಿಕಾರ ಅಂತರದಂಥ ಸಂಸ್ಕೃತಿಯ ಆಯಾಮಗಳನ್ನು ಕಂಡುಕೊಂಡಿದ್ದು 1967ರಿಂದ 1973ರ ನಡುವೆ ಕಂಪ್ಯೂಟರ್ ಕಂಪನಿ ಐಬಿಎಂನ ನೌಕರರು ತುಂಬಿಕೊಟ್ಟ ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳಿಂದ. ಆದರೆ ಅವರು ಹೋಲಿಸಿದ್ದು ದೇಶಗಳ ಸರಾಸರಿಗಳನ್ನು. ದೇಶಗಳ ನಡುವೆ ಒಟ್ಟಿಗೆ ಏರಿಳಿಯುವ ಉತ್ತರಗಳು, ವ್ಯಕ್ತಿಗಳ ನಡುವೆ ಹಾಗೆ ಒಟ್ಟಿಗೆ ಹೋಗಬೇಕಿಲ್ಲ. ಇದು ವ್ಯಕ್ತಿಯನ್ನು ಅಳೆಯುವ ಕೋಲಲ್ಲ ಎಂದು ಹಾಫ್‌ಸ್ಟೆಡ್ ಅವರೇ ಹೇಳಿದ್ದರು. ನಾನು ಆ ಮಾತನ್ನು ಸುಮ್ನೆ ದಾಟಿ ಹೋಗಿದ್ದೆ.

ನನಗೆ ವಿಷಯ ಪೂರ್ತಿ ಅರ್ಥವಾಗಿದ್ದು ಸಮಾಜಶಾಸ್ತ್ರಜ್ಞ ರಾಬಿನ್ಸನ್ 1950ರಲ್ಲಿ ಪ್ರಕಟಿಸಿದ ಲೆಕ್ಕದಿಂದ. ಅಮೆರಿಕದ 1930ರ ಜನಗಣತಿಯಲ್ಲಿ, ವಲಸೆ ಬಂದವರು ಜಾಸ್ತಿ ಇದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ಒಬ್ಬೊಬ್ಬರನ್ನೇ ನೋಡಿದರೆ ವಲಸಿಗರಲ್ಲೇ ಅನಕ್ಷರತೆ ತುಸು ಹೆಚ್ಚು. ಅವರು ನೆಲೆಸಿದ್ದು ಓದುಬರಹ ಚೆನ್ನಾಗಿದ್ದ ರಾಜ್ಯಗಳಲ್ಲಿ, ಅಷ್ಟೇ. ಸರಾಸರಿಯ ಕಥೆ ಒಂದು, ಮನುಷ್ಯರ ಕಥೆ ಇನ್ನೊಂದು.

ಈಗ ಎರಡನ್ನೂ ಬೇರೆ ಇಡುತ್ತೇನೆ. ಒಬ್ಬೊಬ್ಬರ ಸ್ವಭಾವ ತಿಳಿಯಲು, ಐದು ಮುಖ್ಯ ಗುಣಗಳನ್ನು ಅಳೆಯುವ 'ಬಿಗ್ ಫೈವ್' ಪ್ರಶ್ನಾವಳಿ ಕೊಡುತ್ತೇನೆ. ದೇಶದ ಅಂಕವನ್ನು ತಂಡದ ನಿಯಮಗಳ ಬಗ್ಗೆ ಮಾತಾಡುವಾಗ ಮಾತ್ರ ತೆಗೆಯುತ್ತೇನೆ. ಪ್ರಶ್ನಾವಳಿಯನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ. "ನಾನು ಮಾತುಗಾರ" ಎನ್ನುವವರು ತಮ್ಮ ಸುತ್ತಲಿನವರ ಜೊತೆ ಹೋಲಿಸಿಕೊಂಡೇ ಹಾಗನ್ನುತ್ತಾರೆ, ಅಲ್ವಾ? ಹಾಗಾಗಿ ನೇರವಾಗಿ ಕೇಳುತ್ತೇನೆ: "ಬಾಸ್ ಇಲ್ಲದಾಗ ಮಾತಾಡುತ್ತೀರಾ?"

ವರದಿ ಓದಿ ಬಂದಿದ್ದವರನ್ನೂ ಇದನ್ನೇ ಕೇಳಿದೆ. "ಆಗಲೂ ಕಡಿಮೆಯೇ. ಯೋಚಿಸಲು ಸಮಯ ಬೇಕು" ಎಂದರು. ವರದಿಯ ಆ ಸಾಲು ಅಳಿಸಿದೆ. ಚರ್ಚೆಯ ವಿಷಯಗಳನ್ನು ಹಿಂದಿನ ದಿನವೇ ಕಳಿಸಿ ಎಂದು ತಂಡಕ್ಕೆ ಹೇಳಿದೆ. ಮುಂದಿನ ಮೀಟಿಂಗಿನಲ್ಲಿ ಮೊದಲು ಮಾತಾಡಿದ್ದು ಅವರೇ.