ಕಥೆ ಬಿಟ್ಟು ಓದುಗರ ಪತ್ರ ಓದಿದೆ, ಮರೆತ ಲೇಖಕರು ಸಿಕ್ಕರು

"ಒಳ್ಳೇದನ್ನೆಲ್ಲ ಎಂದೋ ಸಂಕಲನ ಮಾಡಿ ಮುಗಿಸಿದ್ದಾರೆ. ಉಳಿದಿರೋದು ರದ್ದಿ." ನಾಲ್ಕು ವರ್ಷದ ಹಿಂದೆ ಹಳೇ ಪತ್ರಿಕೆ ಕೂಡಿಡುವ ನಮ್ಮ ಗೆಳೆಯರು ನನಗೆ ಹೇಳಿದ ಮಾತು ಇದು. ರಾಯಚೂರಲ್ಲಿ ಕೂತು ಅಮೆರಿಕದ ಹಳೇ ಸೈನ್ಸ್ ಫಿಕ್ಷನ್ ಪತ್ರಿಕೆಗಳಲ್ಲಿ ಯಾರೂ ನೋಡದ ಲೇಖಕರನ್ನು ಹುಡುಕ್ತೀನಿ ಅಂದಿದ್ದೆ. ಈಗ ಅದೇ ಗೆಳೆಯರು ಫೋನ್ ಮಾಡಿ "ಹೆಂಗೆ ಮಾಡಿದ್ರಿ, ಹೇಳ್ರಿ" ಅಂತಿದ್ದಾರೆ. ಅದಕ್ಕೆ ಬರೆಯುತ್ತಿದ್ದೇನೆ.

ಸ್ಕ್ಯಾನ್ ಎಲ್ಲಿ ಸಿಗುತ್ತೆ, ಐಎಸ್‌ಎಫ್‌ಡಿಬಿ (ಯಾರ ಯಾವ ಕಥೆ ಎಲ್ಲಿ ಬಂತು ಅಂತ ತೋರಿಸುವ ಸೈನ್ಸ್ ಫಿಕ್ಷನ್ ಜಾಲತಾಣ) ಹೇಗೆ ನೋಡಬೇಕು, ಇದೆಲ್ಲ ನಿಮಗೆ ಗೊತ್ತು. ಅದನ್ನು ಬಿಟ್ಟುಬಿಡುತ್ತೇನೆ.

ಮೊದಲ ಒಂದೂವರೆ ವರ್ಷ ಎಲ್ಲರ ಹಾಗೆಯೇ ಮಾಡಿದೆ. ಪರಿವಿಡಿ ತೆಗೆದು, ಗೊತ್ತಿಲ್ಲದ ಹೆಸರು ಕಂಡರೆ ಆ ಕಥೆ ಓದುವುದು. ಹತ್ತಿ ಮಾರ್ಕೆಟ್‌ನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಸೀಸನ್ ಮುಗಿದ ಮೇಲೆ ಬೇಸಿಗೆಯಲ್ಲಿ ಸಮಯ ಸಿಗುತ್ತದೆ. ಸುಮಾರು 300 ಕಥೆ ಓದಿರಬೇಕು. ಇಟ್ಟುಕೊಳ್ಳುವಂಥದ್ದು ಸಿಕ್ಕಿದ್ದು ನಾಲ್ಕೋ ಐದೋ.

ಇದರ ನಡುವೆ ದುಡ್ಡೂ ಹೋಯಿತು. ಭಾನುವಾರ ಹೈದರಾಬಾದಿನ ಅಬಿಡ್ಸ್ ಫುಟ್‌ಪಾತಿಗೆ ಹೋಗುತ್ತಿದ್ದೆ. ಹೋಗಿ ಬರೋಕೆ, ಊಟ-ಚಹಾ ಸೇರಿ ಒಂದು ಸಲಕ್ಕೆ ಐದಾರು ನೂರು. ಒಂದು ಸಲ ಅಸ್ಟೌಂಡಿಂಗ್ ಪತ್ರಿಕೆಯ 22 ಸಂಚಿಕೆಗಳ ಕಟ್ಟು ಸಿಕ್ಕಿತು. ಖುಷಿಯಲ್ಲಿ ಸರಿಯಾಗಿ ನೋಡಲಿಲ್ಲ, 2,800 ಕೊಟ್ಟೆ. ಮನೆಗೆ ಬಂದು ಬಿಚ್ಚಿದರೆ ಎಲ್ಲ ಬ್ರಿಟಿಷ್ ಮರುಮುದ್ರಣ. ಅಮೆರಿಕದ ಸಂಚಿಕೆಯಲ್ಲಿದ್ದ ಎಷ್ಟೋ ಕಥೆ ಅದರಲ್ಲಿಲ್ಲ. ನನ್ನ ಕಟ್ಟಿನಲ್ಲಂತೂ ಓದುಗರ ಪತ್ರದ ಪುಟಗಳೇ ಇರಲಿಲ್ಲ. ಕೊಳ್ಳುವ ಮೊದಲು ಕವರ್ ಮೇಲಿನ ಬೆಲೆ ನೋಡಿ. ಅಮೆರಿಕದ ಸೆಂಟ್‌ನಲ್ಲಿ ಇರಬೇಕು.

ಇನ್ನೊಂದು ಪೆಟ್ಟು ಅಲೆಕ್ಸಾಂಡರ್ ಬ್ಲೇಡ್ ಅನ್ನೋ ಹೆಸರಿಂದ ಬಿತ್ತು. 1940ರ ದಶಕದ ಅಮೇಜಿಂಗ್ ಸ್ಟೋರೀಸ್ ಪತ್ರಿಕೆಯಲ್ಲಿ ಈ ಹೆಸರು ಮತ್ತೆ ಮತ್ತೆ ಬರುತ್ತದೆ. ಇಷ್ಟು ಬರೆದವರ ಬಗ್ಗೆ ಯಾರೂ ಮಾತಾಡೋದಿಲ್ಲವಲ್ಲ ಅಂತ ಮೂರು ವಾರ ಕೂತು 14 ಪುಟ ಬರೆದೆ. ಒಂದು ಕಥೆಯ ಭಾಷೆಗೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅಂತ ನನ್ನ ಟಿಪ್ಪಣಿಯಲ್ಲೇ ಬರೆದಿದ್ದೆ. ಆದರೂ ಹೊಳೆಯಲಿಲ್ಲ. ಅದು ಆ ಪತ್ರಿಕೆಯ ಪ್ರಕಾಶಕರಾದ ಜಿಫ್-ಡೇವಿಸ್ ಇಟ್ಟುಕೊಂಡಿದ್ದ ಗುಪ್ತನಾಮ, ಹಲವು ಲೇಖಕರು ಅದೇ ಹೆಸರಲ್ಲಿ ಬರೆಯುತ್ತಿದ್ದರು. ಆ 14 ಪುಟ ಈಗಲೂ ಇಟ್ಟುಕೊಂಡಿದ್ದೇನೆ. ಅಂದಿನಿಂದ ಯಾವ ಹೆಸರನ್ನೇ ಆಗಲಿ ಮೊದಲು ಗುಪ್ತನಾಮವಾ ಅಂತ ನೋಡಿಯೇ ಮುಂದೆ ಹೋಗುತ್ತೇನೆ.

ದಾರಿ ಸಿಕ್ಕಿದ್ದು ಒಂದು ಪತ್ರದಿಂದ. ವಂಡರ್ ಸ್ಟೋರೀಸ್, 1931ರ ಆಗಸ್ಟ್ ಸಂಚಿಕೆ. ಓದುಗರ ಪತ್ರಗಳ ನಡುವೆ ಒಬ್ಬರು ವಿಜ್ಞಾನ ಕಥೆಗಳನ್ನೆಲ್ಲ 16 ಬಗೆ ಮಾಡಿ ಪಟ್ಟಿ ಕೊಟ್ಟಿದ್ದರು. ಕಾಲದಲ್ಲಿ ಹಿಂದೆ ಮುಂದೆ ಹೋಗುವುದು, ದೈತ್ಯ ಕೀಟಗಳು, ಅದೃಶ್ಯರಾಗುವುದು, ಹೀಗೆ. ಸುಮ್ನೆ ಓದುವವರು ಹೀಗೆ ಬರೆಯೋದಿಲ್ಲ. ಇದು ಬರೆದು ಪಳಗಿದ ಕೈ ಅನ್ನಿಸಿತು. ಕೆಳಗಿದ್ದ ಹೆಸರು ಕ್ಲೇರ್ ವಿಂಗರ್ ಹ್ಯಾರಿಸ್.

ಹುಡುಕಿದೆ. 1926ರ ಜುಲೈನಲ್ಲಿ ವಿಯರ್ಡ್ ಟೇಲ್ಸ್‌ನಲ್ಲಿ ಮೊದಲ ಕಥೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೇಜಿಂಗ್ ಸ್ಟೋರೀಸ್‌ನ ಸಂಪಾದಕ ಹ್ಯೂಗೊ ಗರ್ನ್ಸ್‌ಬ್ಯಾಕ್ ಒಂದು ಮುಖಪುಟ ಚಿತ್ರ ಹಾಕಿ, ಇದಕ್ಕೆ ಕಥೆ ಬರೀರಿ ಅಂತ ಸ್ಪರ್ಧೆ ಇಟ್ಟಿದ್ದ. ಒಟ್ಟು 500 ಡಾಲರ್ ಬಹುಮಾನ. ಬಂದಿದ್ದು 360 ಕಥೆ. ಈಕೆಗೆ ಮೂರನೇ ಬಹುಮಾನ, 100 ಡಾಲರ್. ಕಥೆ 1927ರ ಜೂನ್ ಸಂಚಿಕೆಯಲ್ಲಿ ಬಂತು. ಹೆಂಗಸರು ಸಾಮಾನ್ಯವಾಗಿ ಇಂಥ ಕಥೆ ಚೆನ್ನಾಗಿ ಬರೆಯೋದಿಲ್ಲ, ಆದ್ದರಿಂದ ಇದು ಅಚ್ಚರಿ ಅನ್ನೋ ಅರ್ಥದ ಮಾತನ್ನೂ ಸಂಪಾದಕ ಕಥೆಯ ಮೇಲೆ ಸೇರಿಸಿದ್ದ. ಅದನ್ನು ಓದಿ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಬಹುಮಾನ ಕೊಡುವ ಕೈಯಿಂದಲೇ ಹಾಗೆ ಬರೆಯೋದಾ? 1930ರ ಹೊತ್ತಿಗೆ ಹತ್ತು ಹನ್ನೊಂದು ಕಥೆ ಬರೆದು ಆಕೆ ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟರು.

ನಂತರ ನೋಡಿದರೆ ಅಲ್ಲಿನ ಸಂಶೋಧಕರು ಈಕೆಯನ್ನು ಮೊದಲೇ ಎತ್ತಿ ತಂದಿದ್ದರು. ಆಮೇಲಿನ ಸಂಕಲನಗಳಲ್ಲೂ ಈಕೆಯ ಕಥೆ ಸೇರಿದೆ. ಗೆಳೆಯರು "ಹಂಗಾದ್ರೆ ನೀವೇನು ಕಂಡುಹಿಡಿದಂಗಾತು?" ಅಂದರು. ನಾನು ಅದನ್ನೇ ಉಲ್ಟಾ ನೋಡಿದೆ. ಯಾರ ಸಹಾಯವೂ ಇಲ್ಲದೆ, ಬರೀ ಪತ್ರದ ಪುಟ ಹಿಡಿದು, ವಿದ್ವಾಂಸರು ಮುಟ್ಟಿದ ಹೆಸರನ್ನೇ ನಾನೂ ಮುಟ್ಟಿದ್ದೆ. ದಾರಿ ಸರಿ ಇದೆ ಅನ್ನೋದಕ್ಕೆ ಇನ್ನೇನು ಬೇಕು?

ಅಲ್ಲಿಂದ ಕಥೆ ಓದುವುದನ್ನೇ ನಿಲ್ಲಿಸಿದೆ. ಮೊದಲು ಪತ್ರಗಳು. ಅಸ್ಟೌಂಡಿಂಗ್‌ನ ಬ್ರಾಸ್ ಟ್ಯಾಕ್ಸ್, ವಂಡರ್‌ನ ರೀಡರ್ ಸ್ಪೀಕ್ಸ್, ಅಮೇಜಿಂಗ್‌ನ ಡಿಸ್ಕಷನ್ಸ್, ಇವೆಲ್ಲ ಓದುಗರ ಪತ್ರದ ಅಂಕಣಗಳು. ಓದುಗರು "ಇವರದ್ದು ಇನ್ನಷ್ಟು ಹಾಕಿ" ಅಂತ ಕೇಳಿದ ಹೆಸರು ಬರೆದುಕೊಂಡೆ. ಆ ಹೆಸರಿನಲ್ಲಿ ಒಟ್ಟು ಕಥೆ ಕಡಿಮೆ ಇದ್ದರೆ ಮಾತ್ರ ಇಟ್ಟುಕೊಂಡೆ. ಓದುಗರಿಗೆ ಬೇಕಾಗಿತ್ತು, ಆದರೂ ಬರೆಯೋದು ನಿಂತಿತು ಅಂದರೆ ಏನೋ ಆಗಿದೆ ಅಂತ ಅರ್ಥ, ಅಲ್ವಾ? ಸುಮಾರು 140 ಸಂಚಿಕೆಯಿಂದ ಅರವತ್ತೋ ಎಪ್ಪತ್ತೋ ಹೆಸರು ಬಂದವು. ಕೊನೆಗೆ ಉಳಿದದ್ದು 11.

ಪತ್ರದ ಪುಟ ಓಸಿಆರ್‌ಗೆ (ಸ್ಕ್ಯಾನ್ ಚಿತ್ರದಿಂದ ಅಕ್ಷರ ಓದುವ ತಂತ್ರಾಂಶಕ್ಕೆ) ಬಗ್ಗೋದಿಲ್ಲ. ಸಣ್ಣ ಅಕ್ಷರ, ಎರಡು ಕಾಲಂ, ಸಾಲಿಗೆ ಸಾಲು ಬೆರೆತುಹೋಗುತ್ತದೆ. ಪುಟವನ್ನು ಉದ್ದಕ್ಕೆ ಎರಡು ಹೋಳು ಮಾಡಿ ಕೊಟ್ಟರೆ ಕೆಲಸ ಆಗುತ್ತದೆ. ಬಂದ ಪಠ್ಯದಲ್ಲಿ ಏಳು ಪದ ಹಾಕಿ ಹುಡುಕುತ್ತೇನೆ. ಆ ಏಳು ಪದ ಯಾವುವು ಅಂತ ಈಗ ಹೇಳೋದಿಲ್ಲ. ಅಬಿಡ್ಸ್‌ನಲ್ಲಿ ಯಾರ ಹತ್ತಿರ ಸೆಂಟ್ ಬೆಲೆಯ ಸಂಚಿಕೆ ಸಿಗುತ್ತವೆ ಅನ್ನೋದನ್ನೂ ಹೇಳೋದಿಲ್ಲ.

ಕೊನೆಯ ಜರಡಿ ನಮ್ಮ ಅವ್ವ. ಆಕೆಗೆ ಇಂಗ್ಲಿಷ್ ಬರೋದಿಲ್ಲ. ರಾತ್ರಿ ಅಂಗಳದಲ್ಲಿ ಹಾಸಿಕೊಂಡು ಮಲಗಿದಾಗ ಕಥೆಯನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ಪುಸ್ತಕ ಕೈಯಲ್ಲಿ ಇರಕೂಡದು. "ಮುಂದ ಏನಾತು?" ಅಂದರೆ ಪಾಸು. ಆಕಳಿಸಿದರೆ ಆ ಹೆಸರು ಕೆಳಗೆ. ಹ್ಯಾರಿಸ್ ಅವರ ಬಹುಮಾನದ ಕಥೆಯಲ್ಲಿ ಮಂಗಳ ಗ್ರಹದವರು ಭೂಮಿಯ ಸಮುದ್ರದ ನೀರು ಕದಿಯುತ್ತಾರೆ. ಒಂದು ಹಡಗೂ ಆ ನೀರಿನ ಜೊತೆ ಹೋಗಿಬಿಡುತ್ತದೆ. ಅವ್ವ ಎದ್ದು ಕೂತಳು. "ನೀರು ಕದ್ಕೊಂಡು ಹೋದ್ರಾ? ಯಾರೂ ಕೇಳಲಿಲ್ಲೇನು?" ಕೃಷ್ಣೆ ಒಂದು ಕಡೆ, ತುಂಗಭದ್ರೆ ಒಂದು ಕಡೆ ಇದ್ದೂ ಕೊಡ ಹಿಡಿದು ಸಾಲಿನಲ್ಲಿ ನಿಂತವಳು ಆಕೆ. ಆ ಕಥೆ ಅವಳಿಗೆ ತಟ್ಟಿದ ಹಾಗೆ ನನಗೆ ತಟ್ಟಿರಲಿಲ್ಲ. ಅವತ್ತೇ ಕನ್ನಡಕ್ಕೆ ಮಾಡಬೇಕು ಅಂತ ನಿರ್ಧಾರ ಮಾಡಿದೆ.

ಲೆಸ್ಲಿ ಎಫ್. ಸ್ಟೋನ್ ಅವರದ್ದೂ ಪಾಸಾಯಿತು. ಹೆಸರು ನೋಡಿ ಗಂಡಸು ಅಂದುಕೊಂಡಿದ್ದೆ. ಹೆಣ್ಣುಮಗಳು. 1931ರ ಏಪ್ರಿಲ್ ವಂಡರ್‌ನ ಆ ಕಥೆಯಲ್ಲಿ ಹೆಂಗಸರು ಆಳುವ ಗ್ರಹಕ್ಕೆ ಭೂಮಿಯ ಗಂಡಸರು ವ್ಯಾಪಾರ ಅಂತ ಬರುತ್ತಾರೆ. ಬೇಡ ಅಂದರೂ ಮತ್ತೆ ದಂಡು ಕಟ್ಟಿಕೊಂಡು ಬಂದು ಸೋಲುತ್ತಾರೆ. ಕಥೆ ಹೇಳುವವಳು ಆ ಗ್ರಹದವಳೇ. "ಚಲೋ ಮಾಡಿದ್ರು ಬಿಡು" ಅಂದಳು ಅವ್ವ.

ನಡುವೆ ಬೇರೆ ಪ್ರಯೋಗಗಳೂ ಆದವು. ಅಸ್ಟೌಂಡಿಂಗ್‌ನಲ್ಲಿ 1938ರಿಂದ ಓದುಗರ ಮತ ಎಣಿಸಿ ಕಥೆಗಳಿಗೆ ಸ್ಥಾನ ಕೊಡುತ್ತಿದ್ದರು. ಮೊದಲ ಸ್ಥಾನದವರನ್ನೆಲ್ಲ ಪಟ್ಟಿ ಮಾಡಿದೆ. ಪ್ರಯೋಜನ ಇಲ್ಲ, ಹೆಚ್ಚಿನವರು ಆಗಲೇ ದೊಡ್ಡವರು. ಎರಡು ಮೂರನೇ ಸ್ಥಾನದವರಲ್ಲಿ ಸರಕು ಜಾಸ್ತಿ. ಅದೇ ಗುಂಗಿನಲ್ಲಿ 1948ರ ನವೆಂಬರ್ ಸಂಚಿಕೆಯ ವಿಲ್ಮಾರ್ ಶಿರಾಸ್ ಕಣ್ಣಿಗೆ ಬಿದ್ದರು. ಅಜ್ಜ-ಅಜ್ಜಿಯ ಮನೆಯಲ್ಲಿ ಬೆಳೆಯುತ್ತಾ ತನ್ನ ಬುದ್ಧಿಯನ್ನೇ ಮುಚ್ಚಿಟ್ಟುಕೊಂಡು ಬದುಕುವ ಹುಡುಗನ ಕಥೆ. ಅದನ್ನು ಎರಡು ರಾತ್ರಿ ಹೇಳಬೇಕಾಯಿತು. ಎರಡನೇ ರಾತ್ರಿಗೆ ಪಕ್ಕದ ಮನೆಯವರೂ ಬಂದಿದ್ದರು.

ಕಾಗದದ ಪ್ರಯೋಗ ಮಾತ್ರ ಕೆಟ್ಟಿತು. ಈ ಪತ್ರಿಕೆಗಳ ಅಗ್ಗದ ಪಲ್ಪ್ ಕಾಗದದಲ್ಲಿ ಮರದ ಲಿಗ್ನಿನ್ ಅನ್ನೋ ಅಂಶ ಹಾಗೇ ಉಳಿದಿರುತ್ತದೆ, ಆಮ್ಲ ಹುಟ್ಟಿ ಕಂದಾಗಿ ಪುಡಿಯಾಗುತ್ತದೆ. ನಮ್ಮ ಮೇ ತಿಂಗಳ ಒಣ ಬಿಸಿಲಿಗೆ ಪುಟ ತಿರುಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಸ್ಟೀಲ್ ಡಬ್ಬಿಯಲ್ಲಿ ಹಸಿ ಬಟ್ಟೆ ಇಟ್ಟು ಮೆತ್ತಗೆ ಮಾಡಿದೆ. ಎರಡು ತಿಂಗಳು ಚೆನ್ನಾಗಿತ್ತು. ಆಗಸ್ಟ್‌ನಲ್ಲಿ ಬೂಸ್ಟು ಹಿಡಿದು ಆರು ಸಂಚಿಕೆ ಹೋದವು, ಏಳೆಂಟು ನೂರಿನ ಮಾಲು. ಈಗ ಮೇನಲ್ಲಿ ಮೂಲ ಪ್ರತಿ ಮುಟ್ಟೋದೇ ಇಲ್ಲ, ಸ್ಕ್ಯಾನ್ ಮಾತ್ರ.

ಕನ್ನಡದಲ್ಲೂ ಇದೇ ಮಾಡಬಹುದಾ ಅಂತ ಹಳೇ ಸುಧಾ, ಕಸ್ತೂರಿ, ಮಯೂರ ತೆಗೆದು ನೋಡಿದೆ. ಕಸ್ತೂರಿ 1956ರದ್ದು, ಸುಧಾ 1965, ಮಯೂರ 1968. ಸಿಕ್ಕಷ್ಟು ಸಂಚಿಕೆಯಲ್ಲೇ ಮೂರು ಹೆಸರು ಬರೆದಿಟ್ಟಿದ್ದೇನೆ. ಅದಕ್ಕೆ ಬೇರೆಯೇ ಲೇಖನ ಬೇಕು.

ಅನುವಾದದ ಹಕ್ಕಿನ ವಿಷಯದಲ್ಲಿ ಒಂದು ಸಲ ಎಡವಿದೆ. ಹಕ್ಕು ಮುಗಿಯದ ಕಥೆ ಕಳಿಸಿ ವಾಪಸ್ ಬಂತು. ಎರಡು ತಿಂಗಳ ಕೆಲಸ ಅದು. 1963ರವರೆಗಿನ ಅಮೆರಿಕದ ಕಥೆಗಳಿಗೆ 28ನೇ ವರ್ಷದಲ್ಲಿ ಹಕ್ಕು ನವೀಕರಣ ಆಗಿತ್ತಾ ಅಂತ ಮೊದಲೇ ನೋಡಿಕೊಳ್ಳಬೇಕು. ನೀರಿನ ಕಥೆಗೆ ಆ ತೊಂದರೆ ಇರಲಿಲ್ಲ, 1927ರ ಕಥೆಗಳ ಹಕ್ಕು ಅಮೆರಿಕದಲ್ಲಿ 2023ಕ್ಕೆ ಮುಗಿದಿದೆ. ಕಳೆದ ವರ್ಷ ಒಂದು ಮಾಸಪತ್ರಿಕೆ ಅದನ್ನು ಹಾಕಿತು. 1,500 ರೂಪಾಯಿ ಬಂತು, ಜೊತೆಗೆ ಒಂಬತ್ತು ಓದುಗರ ಪತ್ರ. ಅದರಲ್ಲಿ ಐದು ಮಂದಿ ಈಕೆಯದ್ದು ಇನ್ನೊಂದು ಹಾಕಿ ಅಂತ ಕೇಳಿದ್ದರು.

ಈಗ ಪ್ಲಾನೆಟ್ ಸ್ಟೋರೀಸ್ ಹಿಡಿದಿದ್ದೇನೆ. ಒಟ್ಟು 71 ಸಂಚಿಕೆ, ನಾನು 19ನೇದರಲ್ಲಿದ್ದೇನೆ. ಪತ್ರಗಳಲ್ಲಿ ಒಂದು ಹೆಸರು ಆಗಲೇ ಮೂರು ಸಲ ಬಂದಿದೆ. ಈ ವಾರ ಅವ್ವನಿಗೆ ಹೇಳಬೇಕು.