ಬೀಗ ಎಲ್ಲಿಗೆ ಎಟಕುತ್ತದೆ? ನಕ್ಷೆಗೆ ಸೈಕಲ್ ಸ್ಟ್ಯಾಂಡ್ ಸೇರಿಸಿದ ನನ್ನ ಅನುಭವ

ಮೊದಲೆಲ್ಲ ನಾನು ನಡೆದುಕೊಂಡೇ ಹೋಗಿ ಸೈಕಲ್ ಸ್ಟ್ಯಾಂಡ್‌ಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆಗೆ ಹಾಕುತ್ತಿದ್ದೆ. ದೂರದಿಂದ ಆಕಾರ ನೋಡುವುದು, ಫೋನಿನಲ್ಲಿ ಒತ್ತುವುದು, ಮುಂದಕ್ಕೆ ಹೋಗುವುದು. ಒಂದು ಮಧ್ಯಾಹ್ನಕ್ಕೆ ಹತ್ತು ಹದಿನೈದು ಜಾಗ ಮುಗಿಯುತ್ತಿತ್ತು. ಅವುಗಳಲ್ಲಿ ಎಷ್ಟೋ ತಪ್ಪಾಗಿದ್ದವು. ಅದು ಗೊತ್ತಾದದ್ದು, ನಾನೇ 'ಸ್ಟ್ಯಾಂಡ್ಸ್' (ಫ್ರೇಮಿಗೆ ಬೀಗ ಹಾಕಬಹುದಾದ ಬಗೆ) ಎಂದು ಗುರುತು ಹಾಕಿದ್ದ ಒಂದು ಜಾಗಕ್ಕೆ ಸೈಕಲ್ ತುಳಿದುಕೊಂಡು ಹೋದ ದಿನ. ಫ್ರೇಮಿಗೆ ಬೀಗ ಹಾಕೋಣ ಎಂದರೆ ಕಂಬಿ ಮೊಣಕಾಲಿನಷ್ಟು ಎತ್ತರವೂ ಇಲ್ಲ. ಮುಂದಿನ ಚಕ್ರ ಮಾತ್ರ ಒಳಗೆ ಹೋಗುತ್ತದೆ, ಬೀಗವೂ ಅದಕ್ಕೇ. ಕೆಲಸ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಸೈಕಲ್ ನನ್ನದರ ಮೇಲೆ ವಾಲಿತ್ತು. ಚಕ್ರ ಅಲುಗಾಡದ ಹಾಗೆ ಕಂಬಿ ಹಿಡಿದುಕೊಂಡಿದ್ದರಿಂದ ಭಾರವೆಲ್ಲ ರಿಮ್ಮಿನ ಮೇಲೆ ಬಿದ್ದು, ಅದು ಬೆಂಡಾಗಿತ್ತು.

ನನ್ನ ಸೈಕಲ್ ಹೋಗಲಿ, ರಿಪೇರಿ ಆಯಿತು. ಆದರೆ ನನ್ನ ಗುರುತನ್ನು ನಂಬಿ ಇಲ್ಲಿಗೆ ಬೇರೆಯವರು ಬಂದಿದ್ದರೆ? ಆ ಯೋಚನೆ ನನ್ನನ್ನು ಬಹಳ ಕಾಡಿತು.

ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದ ನಕ್ಷೆ. ಯಾರು ಬೇಕಾದರೂ ಸೇರಿಸಬಹುದು, ತಿದ್ದಬಹುದು, ಬಳಸಬಹುದು. ಅದರಲ್ಲಿ ಪ್ರತಿಯೊಂದು ವಸ್ತುವಿಗೂ ಟ್ಯಾಗ್ ಇರುತ್ತದೆ. ಒಂದು ಕೀ, ಅಂದರೆ ಪ್ರಶ್ನೆ; ಅದಕ್ಕೊಂದು ವ್ಯಾಲ್ಯೂ, ಅಂದರೆ ಉತ್ತರ. 'ಅಮೆನಿಟಿ' ಎಂಬ ಕೀಗೆ 'ಬೈಸಿಕಲ್ ಪಾರ್ಕಿಂಗ್' ಎಂದು ಕೊಟ್ಟರೆ ಸೈಕಲ್ ನಿಲ್ಲಿಸುವ ಜಾಗ ಎಂದು ತಿಳಿಯುತ್ತದೆ. ಅದು ಯಾವ ಬಗೆಯದು ಎಂದು ಹೇಳಲು 'ಬೈಸಿಕಲ್ ಪಾರ್ಕಿಂಗ್' ಎಂಬುದನ್ನೇ ಇನ್ನೊಂದು ಕೀ ಆಗಿ ಬಳಸುತ್ತಾರೆ. ಹೊಸಬರು ಇಲ್ಲಿ ಮೊದಲನೆಯದನ್ನು ಹಾಕಿ ಸುಮ್ನೆ ಬಿಟ್ಟುಬಿಡುತ್ತಾರೆ. ಬಗೆ ಖಾಲಿ ಉಳಿಯುತ್ತದೆ. ಸೈಕಲ್ ತುಳಿಯುವವರಿಗೆ ಬೇಕಾದ ಮಾಹಿತಿ ಆ ಖಾಲಿ ಬಿಟ್ಟ ಜಾಗದಲ್ಲೇ ಇರುವುದು.

ರಿಮ್ ಬೆಂಡಾದ ಮೇಲೆ ನನ್ನ ಹಳೆಯ ಜಾಗಗಳನ್ನೆಲ್ಲ ಮತ್ತೆ ನೋಡಲು ಹೊರಟೆ. ಈ ಸಲ ಸೈಕಲ್ಲನ್ನೂ ಬೀಗವನ್ನೂ ತೆಗೆದುಕೊಂಡು ಹೋದೆ. ಪ್ರತಿ ಜಾಗದಲ್ಲೂ ಸೈಕಲ್ ನಿಲ್ಲಿಸಿ, ಫ್ರೇಮಿಗೂ ಕಂಬಿಗೂ ಸೇರಿಸಿ ಬೀಗ ಹಾಕಲು ಆಗುತ್ತದಾ ಎಂದು ನೋಡಿದೆ. ಕಂಬಿ ನೋಡಲು ಹೇಗಿದೆ ಎನ್ನುವುದಕ್ಕಿಂತ ಅದು ಸೈಕಲ್ಲಿನ ಯಾವ ಭಾಗವನ್ನು ಹಿಡಿದುಕೊಳ್ಳುತ್ತದೆ ಎನ್ನುವುದು ಮುಖ್ಯ. ಚಕ್ರವನ್ನೋ, ಹ್ಯಾಂಡಲ್ಲನ್ನೋ, ಫ್ರೇಮನ್ನೋ? ಇಷ್ಟು ಗೊತ್ತಾದರೆ ಅರ್ಧ ವರ್ಗೀಕರಣ ಮುಗಿದ ಹಾಗೆ.

'ಸ್ಟ್ಯಾಂಡ್ಸ್' ಎಂದರೆ ಕುದುರೆ ಲಾಳದ ಎರಡು ತುದಿಗಳನ್ನು ನೆಲಕ್ಕೆ ಹೂತ ಹಾಗೆ ಇರುವ ಕೊಳವೆ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಹೆಸರಿನಿಂದ ಇದನ್ನು ಶೆಫೀಲ್ಡ್ ಸ್ಟ್ಯಾಂಡ್ ಎಂದೂ ಕರೆಯುತ್ತಾರೆ. ಸೈಕಲ್ ಅದಕ್ಕೆ ಒರಗಿ ನಿಲ್ಲುತ್ತದೆ, ಬೀಗ ಫ್ರೇಮಿಗೆ ಬೀಳುತ್ತದೆ, ಎರಡೂ ಬದಿಗೆ ಒಂದೊಂದು ಸೈಕಲ್. ನನ್ನ ಕಣ್ಣಿಗೆ ಇದಕ್ಕಿಂತ ಒಳ್ಳೆಯ, ಸರಳವಾದ ಸ್ಟ್ಯಾಂಡ್ ಇನ್ನೊಂದಿಲ್ಲ. 'ವಾಲ್ ಲೂಪ್ಸ್' ನನ್ನ ರಿಮ್ ಹಾಳು ಮಾಡಿದ ಬಗೆ. ಮುಂದಿನ ಚಕ್ರವನ್ನಷ್ಟೇ ಹಿಡಿಯುತ್ತದೆ. ಹೆಸರಿನಲ್ಲಿ ಗೋಡೆ ಇದ್ದರೂ ನೆಲಕ್ಕೆ ಕೂರಿಸಿದ್ದೂ ಇದೇ ಬಗೆ. ಈ ಹೆಸರಿನಿಂದಲೇ ನಾನು ದಾರಿ ತಪ್ಪಿದ್ದೆ. ಗೋಡೆ ಇಲ್ಲವಲ್ಲ, ಹಾಗಾದರೆ ಇದು ಸ್ಟ್ಯಾಂಡೇ ಇರಬೇಕು ಎಂದುಕೊಂಡಿದ್ದೆ. ಇವೆರಡರ ನಡುವೆ 'ಸೇಫ್ ಲೂಪ್ಸ್' ಬರುತ್ತದೆ. ಚಕ್ರ ಹಿಡಿಯುವ ಕಂಬಿಯೇ ಮೇಲಕ್ಕೆ ಬಂದು, ಫ್ರೇಮಿಗೂ ಬೀಗ ಎಟಕುತ್ತದೆ. ದೂರದಿಂದ ನೋಡಿದರೆ ವಾಲ್ ಲೂಪ್ಸ್‌ಗೂ ಇದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಬೀಗ ಹಾಕಿ ನೋಡಲೇಬೇಕು.

'ರ‍್ಯಾಕ್' ಎಂಬ ಮಾತನ್ನು ನಾನು ಆದಷ್ಟು ದೂರ ಇಡುತ್ತೇನೆ. ಒಬ್ಬೊಬ್ಬರು ಒಂದೊಂದಕ್ಕೆ ಆ ಹೆಸರು ಹೇಳುತ್ತಾರೆ. ಕೇಳಿದವರಿಗೆ ಫ್ರೇಮಿಗೆ ಬೀಗ ಹಾಕಬಹುದೋ ಇಲ್ಲವೋ ಗೊತ್ತಾಗುವುದೇ ಇಲ್ಲ. ನೆಲದಲ್ಲಿ ಚಕ್ರಕ್ಕೆ ಸೀಳು ಬಿಟ್ಟಿದ್ದರೆ ಅದು 'ಗ್ರೌಂಡ್ ಸ್ಲಾಟ್ಸ್'. ಹ್ಯಾಂಡಲ್ಲನ್ನು ನೇತು ಹಾಕುವ ಕೊಕ್ಕೆ ಇದ್ದರೆ ಅದಕ್ಕೆ ಬೇರೆ ಹೆಸರಿದೆ. ಏನೂ ಇಲ್ಲದೆ ನೆಲದ ಮೇಲೆ ಗೆರೆ ಮಾತ್ರ ಎಳೆದಿದ್ದರೆ 'ಫ್ಲೋರ್'.

ನನಗೆ ತುಂಬಾ ತಲೆ ಕೆಡಿಸಿದ್ದು ಕಟ್ಟಡಗಳು. 'ಶೆಡ್', 'ಲಾಕರ್ಸ್', 'ಬಿಲ್ಡಿಂಗ್' ಎಂಬ ವ್ಯಾಲ್ಯೂಗಳೂ ಇದೇ ಪಟ್ಟಿಯಲ್ಲಿವೆ. ಒಂದು ಶೆಡ್ಡಿನ ಒಳಗೆ ಲಾಳದ ಸ್ಟ್ಯಾಂಡುಗಳಿದ್ದರೆ ಏನೆಂದು ಬರೆಯುವುದು? ಶೆಡ್ ಎಂದರೆ ಒಳಗೇನಿದೆ ಗೊತ್ತಾಗುವುದಿಲ್ಲ. ಸ್ಟ್ಯಾಂಡ್ಸ್ ಎಂದರೆ ಮಳೆಗೆ ನೆನೆಯುವ ಚಿತ್ರ ಬರುತ್ತದೆ. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ರೈಲು ನಿಲ್ದಾಣದ ಹತ್ತಿರ 12,500 ಸೈಕಲ್ ಹಿಡಿಸುವ ಜಾಗ 2019ರಲ್ಲಿ ಪೂರ್ತಿಯಾಯಿತು. ಅದು ಮೂರು ಅಂತಸ್ತಿನ ಕಟ್ಟಡವೂ ಹೌದು, ಅದರೊಳಗೆ ಸೈಕಲ್ಲುಗಳನ್ನು ಒಂದರ ಮೇಲೊಂದು ಎರಡು ಸಾಲಿನಲ್ಲಿ ಇಡುವ 'ಟೂ ಟಿಯರ್' ಏರ್ಪಾಡೂ ಹೌದು. ಒಂದೇ ಕೀ ಇಲ್ಲಿ ಎರಡು ಪ್ರಶ್ನೆಗೆ ಉತ್ತರ ಕೇಳುತ್ತಿದೆ. ಸುತ್ತ ಏನಿದೆ, ಸೈಕಲ್ಲನ್ನು ಏನು ಹಿಡಿದಿದೆ? ಇದು ಪಟ್ಟಿಯಲ್ಲೇ ಇರುವ ತೊಡಕು ಅಂತ ನನಗನ್ನಿಸುತ್ತದೆ.

ನಾನು ಮಾಡುವುದು ಹೀಗೆ. ಶೆಡ್ಡನ್ನು ಅಥವಾ ಕಟ್ಟಡವನ್ನು ಕಟ್ಟಡವಾಗಿಯೇ ಬರೆಯುತ್ತೇನೆ. ಅದರೊಳಗೆ ಸ್ಟ್ಯಾಂಡುಗಳನ್ನು ಬೇರೆ ಗುರುತಾಗಿ ಹಾಕಿ, 'ಕವರ್ಡ್' ಎಂಬ ಕೀಗೆ 'ಯೆಸ್' ಕೊಡುತ್ತೇನೆ. ಒಳಗೆ ಹೋಗಿ ನೋಡಲು ಆಗದಿದ್ದರೆ ಮಾತ್ರ 'ಶೆಡ್' ಎಂದಷ್ಟೇ ಬರೆಯುತ್ತೇನೆ. ಕಾಣದ್ದನ್ನು ಊಹಿಸಿ ಬರೆಯುವುದಕ್ಕಿಂತ ಅದು ವಾಸಿ. ಒಂದೇ ಜಾಗದಲ್ಲಿ ಎರಡು ಬಗೆ ಇದ್ದರೂ ಇದೇ ರೀತಿ. ಈ ತುದಿಗೆ ಸ್ಟ್ಯಾಂಡ್, ಆ ತುದಿಗೆ ವಾಲ್ ಲೂಪ್ಸ್ ಇದ್ದರೆ ಎರಡು ಚುಕ್ಕೆ ಹಾಕುತ್ತೇನೆ.

ಬಗೆ ಸರಿಯಾದರೆ ಲೆಕ್ಕವೂ ಸರಿಯಾಗುತ್ತದೆ. 'ಕೆಪಾಸಿಟಿ' ಎಂದರೆ ಎಷ್ಟು ಸೈಕಲ್ ಹಿಡಿಸುತ್ತದೆ ಎಂದು, ಎಷ್ಟು ಕಂಬಿ ಇವೆ ಎಂದಲ್ಲ. ಹತ್ತು ಲಾಳಗಳಿದ್ದರೆ 20. ಕೊನೆಯದು ಗೋಡೆಗೆ ತೀರಾ ಹತ್ತಿರವಿದ್ದು ಒಂದೇ ಬದಿ ಸಿಗುತ್ತಿದ್ದರೆ 19. ಇದನ್ನು ಮೊದಲು ನಾನು ಕಂಬಿಗಳ ಲೆಕ್ಕದಲ್ಲಿ ಬರೆದು ಎಲ್ಲ ಕಡೆ ಅರ್ಧ ಮಾಡಿಟ್ಟಿದ್ದೆ! ಅಲೆಯ ಹಾಗೆ ಬಾಗಿಸಿದ ಒಂದೇ ಉದ್ದದ ಕೊಳವೆ, 'ವೇವ್', ಇನ್ನೂ ಕಷ್ಟ. ಪ್ರತಿ ಬಾಗಿಗೂ ಒಂದು ಸೈಕಲ್ ಎಂದು ಕಟ್ಟಿದವರು ಅಂದುಕೊಂಡಿರುತ್ತಾರೆ. ಜನ ಅದರ ಪಕ್ಕಕ್ಕೆ ಉದ್ದಕ್ಕೆ ಒರಗಿಸುತ್ತಾರೆ, ಹಾಗೆ ಮಾಡಿದರೆ ಎರಡೇ ಸೈಕಲ್ ಹಿಡಿಸುವುದು. ಅಲ್ಲಿ ನಾನು ಬಾಗುಗಳನ್ನೇ ಎಣಿಸುತ್ತೇನೆ. ಬಂದವರು ಹೇಗೆ ನಿಲ್ಲಿಸುತ್ತಾರೆ ಎನ್ನುವುದು ದಿನಕ್ಕೊಂದು ಥರ ಬದಲಾಗುತ್ತದೆ ಅಲ್ವಾ?

ಬರೀ ನೋಡಿದರೆ ತಿಳಿಯದ ವಿಷಯವೂ ಇದೆ. ಒಂದು ಕಚೇರಿಯ ಗೇಟಿನ ಒಳಗೆ ಚೆಂದದ ಸ್ಟ್ಯಾಂಡುಗಳಿದ್ದವು. ಗೇಟು ತೆರೆದೇ ಇತ್ತು. ಕಾವಲಿಗೆ ಇದ್ದವರನ್ನು ಕೇಳಿದೆ.

"ಅಣ್ಣ, ಇಲ್ಲಿ ಹೊರಗಿನವರು ಸೈಕಲ್ ನಿಲ್ಲಿಸಬಹುದಾ?"

"ಇಲ್ಲ, ಒಳಗೆ ಕೆಲಸ ಮಾಡೋರಿಗೆ ಮಾತ್ರ. ಹೊರಗಿನವರು ಆ ಕಡೆ ಕಟಾಂಜನಕ್ಕೆ ಕಟ್ಟಿ ಹೋಗ್ತಾರೆ ನೋಡಿ."

ಒಂದೇ ಮಾತಿನಲ್ಲಿ ಅವರು ಎರಡು ಜಾಗದ ವಿಷಯ ಹೇಳಿದ್ದರು. ಒಳಗಿನದಕ್ಕೆ 'ಆಕ್ಸೆಸ್' ಕೀಯಲ್ಲಿ 'ಪ್ರೈವೇಟ್' ಎಂದು ಹಾಕಿದೆ. ಹೊರಗಿನ ಕಟಾಂಜನದ ಹತ್ತಿರ ಹೋಗಿ ನೋಡಿದರೆ ಏಳೆಂಟು ಸೈಕಲ್ ನಿಂತಿದ್ದವು. ಸೈಕಲ್ಲಿಗೆಂದು ಮಾಡದಿದ್ದರೂ ಜನ ರೂಢಿಯಿಂದ ನಿಲ್ಲಿಸುವ ಇಂಥ ಜಾಗಕ್ಕೆ 'ಇನ್‌ಫಾರ್ಮಲ್' ಎಂಬ ವ್ಯಾಲ್ಯೂ ಇದೆ. ಇದನ್ನು ಬಳಸುವಾಗ ನಾನು ಜಾಗ್ರತೆ ಮಾಡುತ್ತೇನೆ. ಒಂದೇ ಒಂದು ಸೈಕಲ್ ಕಂಬಕ್ಕೆ ಕಟ್ಟಿದ್ದರೆ ಅದು ಪಾರ್ಕಿಂಗ್ ಅಲ್ಲ. ಬೇರೆ ಬೇರೆ ದಿನ ಹೋದಾಗಲೂ ಸೈಕಲ್ ಇದ್ದರೆ ಮಾತ್ರ ಬರೆಯುತ್ತೇನೆ.

ಬಾಡಿಗೆ ಸೈಕಲ್ ಸಿಗುವ ಕಟ್ಟೆಗಳನ್ನು ಇದರ ಜೊತೆ ಸೇರಿಸಬೇಡಿ. ಅಲ್ಲಿ ನಮ್ಮ ಸೈಕಲ್ ನಿಲ್ಲಿಸಲು ಆಗುವುದಿಲ್ಲ, ಅದಕ್ಕೆ 'ಬೈಸಿಕಲ್ ರೆಂಟಲ್' ಎಂಬ ಬೇರೆಯೇ ಟ್ಯಾಗ್ ಇದೆ. ಹಾಗೆಯೇ ಗೂಗಲ್ ನಕ್ಷೆಯನ್ನೋ ಅದರ ಬೀದಿ ಫೋಟೋಗಳನ್ನೋ ನೋಡಿ ಇಲ್ಲಿ ಬರೆಯುವಂತಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಲೈಸೆನ್ಸಿಗೆ ಅದು ಹೊಂದುವುದಿಲ್ಲ. ಕಾಲ್ನಡಿಗೆಯೋ ಸೈಕಲ್ಲೋ, ನೀವೇ ಹೋಗಿ ನೋಡಬೇಕು.

ಕೆಲಸಕ್ಕೆ ನಾನು ಬಳಸುವುದು ಜಾಸ್ತಿ ಸ್ಟ್ರೀಟ್‌ಕಂಪ್ಲೀಟ್ ಎಂಬ ಆಪ್. ಯಾವ ಜಾಗದ ಬಗೆ ಖಾಲಿ ಇದೆಯೋ ಅಲ್ಲಿ ಚಿತ್ರಗಳನ್ನು ತೋರಿಸಿ ಕೇಳುತ್ತದೆ. ಹೊಸಬರಿಗೆ ಇದೇ ಒಳ್ಳೆಯದು, ಹೆಸರುಗಳ ಗೊಂದಲ ಇರುವುದಿಲ್ಲ. ಚಿತ್ರದಲ್ಲಿರುವುದು ಎದುರಿಗಿರುವುದಕ್ಕೆ ಪೂರ್ತಿ ಹೊಂದದಿದ್ದರೆ ಹತ್ತಿರದ್ದನ್ನು ಒತ್ತಬೇಡಿ, ಹೇಳಲಾಗದು ಎಂದು ಬಿಟ್ಟು ಫೋಟೋ ತೆಗೆದುಕೊಳ್ಳಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನಿಧಾನವಾಗಿ ಬರೆಯಬಹುದು. ಸೈಕಲ್ ಪಕ್ಕದಲ್ಲಿ ನಿಂತಿರುವ ಫೋಟೋ ಇದ್ದರೆ ಇನ್ನೂ ಅನುಕೂಲ, ಕಂಬಿ ಎಷ್ಟು ಎತ್ತರ ಎಂದು ತಿಳಿಯುತ್ತದೆ. ಬರೆದದ್ದು ಹೇಗೆ ಕಾಣುತ್ತದೆ ಎಂದು ನೋಡಲು ಸೈಕಲ್ ತುಳಿಯುವವರಿಗಾಗಿಯೇ ಮಾಡಿರುವ ಸೈಕ್ಲ್‌ಒಎಸ್ಎಂ ನಕ್ಷೆ ತೆರೆಯುತ್ತೇನೆ.

ನನ್ನ ರಿಮ್ ಬೆಂಡಾದ ಜಾಗಕ್ಕೆ ಮೊನ್ನೆ ಮತ್ತೆ ಹೋಗಿದ್ದೆ. ಲೂಪುಗಳಲ್ಲಿ ನಾಲ್ಕನ್ನು ಬುಡಕ್ಕೆ ಕತ್ತರಿಸಿ ತೆಗೆದಿದ್ದರು, ಎಂಟು ಉಳಿದಿದ್ದವು. ಕೆಪಾಸಿಟಿಯನ್ನು 12ರಿಂದ 8ಕ್ಕೆ ಇಳಿಸಿದೆ. ಬಗೆ 'ವಾಲ್ ಲೂಪ್ಸ್' ಎಂದೇ ಉಳಿಸಿ, ನೋಡಿದ ತಾರೀಕನ್ನೂ ಸೇರಿಸಿದೆ. ಆಮೇಲೆ ರಸ್ತೆ ದಾಟಿ, ಎದುರಿನ ಲಾಳಕ್ಕೆ ಸೈಕಲ್ ಕಟ್ಟಿದೆ.